ಮಾತ್ರೆ ಕೊಡುವ ಮೊದಲು ಬಚ್ಚಲು ನೋಡಬೇಕಿತ್ತು

ನಾನು ನಿಪ್ಪಾಣಿ ಕಡೆಯವಳು. ನಮ್ಮಲ್ಲಿ ಗಿರಣಿ ಅಂದರೆ ಹಿಟ್ಟಿನ ಗಿರಣಿ. ಮುಂಬೈಗೆ ಬಂದ ಮೇಲೆ ಇಲ್ಲಿ ಗಿರಣಿ ಅಂದರೆ ಬಟ್ಟೆ ಮಿಲ್ಲು ಅಂತ ಗೊತ್ತಾಯಿತು. ಪರೇಲ್, ಲಾಲ್‌ಬಾಗ್, ವರ್ಳಿ, ನಾಯಗಾಂವ್, ಶಿವ್ಡಿ, ಇಷ್ಟನ್ನೂ ಸೇರಿಸಿ ಹಳೆಯ ಜನ ಈಗಲೂ ಗಿರಣಗಾಂವ್ ಅಂತಲೇ ಕರೆಯುತ್ತಾರೆ. ಹನ್ನೊಂದು ವರ್ಷದಿಂದ ಈ ಭಾಗದ ಚಾಳುಗಳಲ್ಲೇ ನನ್ನ ಓಡಾಟ. ಚಾಳು ಅಂದರೆ ಸಾಲಾಗಿ ಒಂದೊಂದೇ ಖೋಲಿಯ, ಅಂದರೆ ಕೋಣೆಯ, ಮನೆಗಳಿರುವ ಕಟ್ಟಡ. ಟಿಬಿ ವಿಭಾಗದಲ್ಲಿ ಹೆಲ್ತ್ ವಿಸಿಟರ್ ನಾನು. ರೋಗಿ ದಿನಾ ಮಾತ್ರೆ ತಗೋತಾರಾ, ತೂಕ ಏರುತ್ತಿದೆಯಾ, ಮನೆಯಲ್ಲಿ ಬೇರೆ ಯಾರಿಗಾದರೂ ಕೆಮ್ಮು ಇದೆಯಾ ಅಂತ ನೋಡಿಕೊಳ್ಳುವುದು ಕೆಲಸ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ತಪ್ಪು ಮಾಡಿದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಮೊದಲು ಅದನ್ನೇ ಹೇಳುತ್ತೇನೆ.

ಆಕೆಗೆ ಇಪ್ಪತ್ಮೂರು ವರ್ಷ. ಮದುವೆಯಾಗಿ ಒಂದು ವರ್ಷ ಆಗಿತ್ತು. ಮನೆಯಲ್ಲೇ ಕೂತು ಸೀರೆಗೆ ಫಾಲ್ ಹಚ್ಚುವ ಕೆಲಸ. ಕಫದಲ್ಲಿ ಟಿಬಿ ಬಂತು. ತೂಕ 38 ಕೆಜಿ. ಟಿಬಿ ಮಾತ್ರೆಯನ್ನು ತೂಕ ನೋಡಿ ಕೊಡುತ್ತಾರೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ ಸೇರಿದ್ದು. ಇದನ್ನೆಲ್ಲ ಚೆನ್ನಾಗಿ ವಿವರಿಸಿ, ಚಿಕಿತ್ಸೆಯ ಕಾರ್ಡು ತುಂಬಿ ಕಳಿಸಿದೆ. ಎರಡು ವಾರ ಬಿಟ್ಟು ಹೋಗಿ ಎಣಿಸಿದರೆ ಹನ್ನೊಂದು ದಿನದ ಮಾತ್ರೆ ಹಾಗೇ ಉಳಿದಿತ್ತು.

ಖೋಲಿಗಳ ಮುಂದಿನ ಉದ್ದನೆಯ ಗ್ಯಾಲರಿಯಲ್ಲಿ ನಿಂತೇ ಬೈದೆ. ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದೇ ಇದ್ದವು. ಆಕೆ ತಲೆ ಎತ್ತಲಿಲ್ಲ. "ಹ್ಞೂಂ ತಾಯಿ, ತಗೋತೀನಿ" ಅಂದಳು. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ನಮ್ಮ ಕಿವಿಗೆ ಅಮ್ಮ ಅಂದ ಹಾಗೆ ಕೇಳುತ್ತದೆ, ಅದಕ್ಕೇ ಇನ್ನೂ ಜಾಸ್ತಿ ಚುಚ್ಚುತ್ತದೆ.

ಮರುದಿನ ಆಕೆ ತಾನಾಗಿ ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದಳು. ತರಕಾರಿ ತರುತ್ತೇನೆ ಅಂತ ಮನೆಯಲ್ಲಿ ಹೇಳಿ ಬಂದಿದ್ದಳಂತೆ, ಚೀಲದಲ್ಲಿ ಒಂದು ಕಟ್ಟು ಮೆಂತ್ಯ ಸೊಪ್ಪಿತ್ತು. ಬಾಗಿಲು ಮುಂದೆ ಮಾಡಿ ಕೇಳಿದಳು: "ತಾಯಿ, ಮಾತ್ರೆ ತಗೊಂಡ ದಿನ ರಕ್ತ ಹೋಗುತ್ತೆ. ಬಿಟ್ಟ ದಿನ ಹೋಗಲ್ಲ. ಹಾಗಿದ್ದರೆ ನಾನು ಏನು ಅಂತ ತಿಳ್ಕೋಬೇಕು?"

ನನಗೆ ಮಾತೇ ಹೊರಡಲಿಲ್ಲ. ಈ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಅನ್ನೋ ಔಷಧಿ ಮೂತ್ರಕ್ಕೆ ಕಿತ್ತಳೆ-ಕೆಂಪು ಬಣ್ಣ ಕೊಡುತ್ತದೆ. ಬೆವರಿಗೂ ಕಣ್ಣೀರಿಗೂ ಕೊಡಬಹುದು. ಅದರಿಂದ ಏನೂ ತೊಂದರೆ ಇಲ್ಲ. ನನಗೆ ಇದು ಗೊತ್ತಿತ್ತು, ಆಕೆಗೆ ಹೇಳಿರಲಿಲ್ಲ. ಆಕೆ ಎರಡು ದಿನ ಬಿಟ್ಟು ನೋಡಿ, ಮತ್ತೆ ಒಂದು ದಿನ ತಗೊಂಡು ನೋಡಿ, ತಾನೇ ಪರೀಕ್ಷೆ ಮಾಡಿಕೊಂಡಿದ್ದಳು. ನಾನು ಅದನ್ನೇ ಅಸಡ್ಡೆ ಅಂತ ಕಾರ್ಡಿನಲ್ಲಿ ಬರೆದಿದ್ದೆ.

ಕೆಂಪು ಬಣ್ಣ ಯಾಕೆ ಅಷ್ಟು ದೊಡ್ಡ ವಿಷಯ ಆಯಿತು ಅಂತ ತಿಳಿಯಲು ಆ ಖೋಲಿಯ ಒಳಗೆ ಕೂರಬೇಕಾಯಿತು. ಹತ್ತಡಿಗೆ ಹನ್ನೆರಡು ಅಡಿ. ಗಂಡ ಹೆಂಡತಿ, ಅತ್ತೆ, ಮೈದುನ, ಅವನ ಹೆಂಡತಿ, ಒಂದು ಕೂಸು. ಮೇಲೆ ಹಲಗೆಯ ಅಟ್ಟ, ಒಂದು ಜೋಡಿ ಅಲ್ಲೇ ಮಲಗುತ್ತದೆ. ಮೂಲೆಯಲ್ಲಿ ಮೊಣಕಾಲೆತ್ತರದ ಗೋಡೆ ಕಟ್ಟಿದ ಬಚ್ಚಲು, ಇಲ್ಲಿ ಮೋರಿ ಅಂತಾರೆ. ನೀಲಿ ಡ್ರಮ್ಮು, ಒಂದು ಪರದೆ, ಕೆಳಗೆ ಬಿಳಿ ಟೈಲ್ಸ್. ಪಾತ್ರೆ ತೊಳೆಯುವುದು, ಸ್ನಾನ, ಎಲ್ಲ ಅಲ್ಲೇ. ಕಕ್ಕಸು ಗ್ಯಾಲರಿಯ ತುದಿಯಲ್ಲಿ, ಇಡೀ ಮಹಡಿಗೆ ಸೇರಿ. ರಾತ್ರಿ ಹೆಂಗಸರು ಅಷ್ಟು ದೂರ ಹೋಗುವುದಿಲ್ಲ, ಬಚ್ಚಲಲ್ಲೇ ಕೂರುತ್ತಾರೆ. ನೀರು ಬರುವುದು ಬೆಳಗ್ಗೆ. ಹಾಗಾಗಿ ರಾತ್ರಿ ಒಂದೆರಡು ಚೊಂಬಿಗಿಂತ ಜಾಸ್ತಿ ಸುರಿಯುವ ಹಾಗಿಲ್ಲ. ಬೆಳಗ್ಗೆ ಐದಕ್ಕೆ ಮೊದಲು ಏಳುವವರು ಅತ್ತೆ. ಬಿಳಿ ಟೈಲ್ಸ್ ಮೇಲೆ ಒಣಗಿದ ಕೆಂಪು ಕಲೆ ಕಂಡದ್ದು ಅವರಿಗೆ.

ಮನೆಯಲ್ಲಿ ಆಕೆ ಶಕ್ತಿ ಮಾತ್ರೆ ಅಂತ ಹೇಳಿದ್ದಳು. ಅತ್ತೆ ಗರ್ಭ ಹೋಗಿರಬೇಕು ಅಂದುಕೊಂಡರು. ಆಮೇಲೆ ಏನೋ ಕೆಟ್ಟ ರೋಗ ಅಂದುಕೊಂಡರು. ಸೊಸೆಯ ತಟ್ಟೆ, ಲೋಟ ಬೇರೆ ಆಯಿತು.

ಈ ಜಾಗದ ಕಥೆ ತಿಳಿಯದೆ ಇಲ್ಲಿ ಕೆಲಸ ಮಾಡಲು ಆಗಲ್ಲ ಅಂತ ನನಗೆ ಅನ್ನಿಸಿದ್ದು ಆಗಲೇ. ಮುಂಬೈಯ ಮೊದಲ ಹತ್ತಿ ಗಿರಣಿ 1856ರಲ್ಲಿ ತಾರ್‌ದೇವ್‌ನಲ್ಲಿ ಶುರುವಾಯಿತು. ರತ್ನಾಗಿರಿ, ಸಾತಾರಾ, ಕೊಲ್ಹಾಪುರದಿಂದ ಗಂಡಸರು ಬಂದರು. ಒಂದೊಂದು ಖೋಲಿಯಲ್ಲಿ ಹತ್ತು ಹದಿನೈದು ಜನ. ಹಗಲ ಪಾಳಿಯವನು ಎದ್ದು ಹೋದ ಜಾಗದಲ್ಲಿ ರಾತ್ರಿ ಪಾಳಿಯವನು ಮಲಗುತ್ತಿದ್ದ. 1920ರ ದಶಕದಲ್ಲಿ ಸರ್ಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿಸಿದ ಬಿಡಿಡಿ ಚಾಳುಗಳಲ್ಲೂ ಒಂದು ಮನೆ ಅಂದರೆ 160 ಚದರ ಅಡಿಯ ಒಂದೇ ಖೋಲಿ, ಒಂದು ಕಟ್ಟಡಕ್ಕೆ ಅಂಥವು 80. ಒಂಟಿ ಗಂಡಸರು ಮಲಗೆದ್ದು ಹೋಗುತ್ತಿದ್ದಂಥ ಜಾಗಗಳಲ್ಲಿ ಈಗ ಮೂರು ತಲೆಮಾರಿನ ಸಂಸಾರಗಳಿವೆ.

ಅದೇ ಗ್ಯಾಲರಿಯಲ್ಲಿ ಒಬ್ಬ ಅಜ್ಜ ಇದ್ದರು. ಎಲ್ಲರೂ ಆಜೋಬಾ ಅನ್ನುತ್ತಿದ್ದರು. ಗಿರಣಿಯ ನೇಯ್ಗೆ ಖಾತೆಯಲ್ಲಿ ಇದ್ದವರು. 1982ರ ಜನವರಿ 18ಕ್ಕೆ ಶುರುವಾದ ಮುಷ್ಕರದಲ್ಲಿ ಹೊರಗೆ ಬಂದವರು ಮತ್ತೆ ಒಳಗೆ ಹೋಗಲಿಲ್ಲ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಅದು. ಮುಗಿಯಿತು ಅಂತ ಯಾರೂ ಅಧಿಕೃತವಾಗಿ ಹೇಳಲೇ ಇಲ್ಲ, "ನಾನಿನ್ನೂ ಮುಷ್ಕರದಲ್ಲೇ ಇದ್ದೀನಿ ಮಗಳೇ" ಅನ್ನುತ್ತಿದ್ದರು. ಒಂದು ದಿನ ಕೈಬೆರಳನ್ನೇ ಲಾಳಿಯ ಹಾಗೆ, ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ತುಂಡಿನ ಹಾಗೆ, ಹಿಡಿದು ತೋರಿಸಿದರು. ಲಾಳಿಯ ಸಣ್ಣ ತೂತಿಗೆ ಬಾಯಿಟ್ಟು, ಉಸಿರು ಎಳೆದು, ನೂಲನ್ನು ಹೊರಗೆ ತರಬೇಕಿತ್ತಂತೆ. ಅದೇ ಲಾಳಿಗೆ ಇನ್ನೊಂದು ಪಾಳಿಯವನ ಬಾಯಿ. ಇದೇ ಕಾರಣಕ್ಕೆ ಒಂದು ಕಾಲದಲ್ಲಿ ದಲಿತರನ್ನು ಹೆಚ್ಚು ಕೂಲಿ ಸಿಗುವ ನೇಯ್ಗೆ ಖಾತೆಗೆ ಸೇರಿಸುತ್ತಿರಲಿಲ್ಲ. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಅವರು ಇದನ್ನು ಎತ್ತಿ ಕೇಳಿದ್ದರು. ಅವರೂ ಪರೇಲ್‌ನ ಚಾಳಿನಲ್ಲೇ ಎಷ್ಟೋ ವರ್ಷ ಇದ್ದವರು. ನೂಲಿನ ಧೂಳು, ಇಕ್ಕಟ್ಟಿನ ಖೋಲಿ, ಅರ್ಧ ಹೊಟ್ಟೆ, ಒಂದೇ ಲಾಳಿಗೆ ಹತ್ತು ಬಾಯಿ. ಟಿಬಿ ಇಲ್ಲಿಂದ ಯಾಕೆ ಹೋಗಿಲ್ಲ ಅಂತ ಬೇರೆ ಯಾರನ್ನೂ ಕೇಳಬೇಕಿಲ್ಲ.

ಆಜೋಬಾಗೂ ಹರೆಯದಲ್ಲಿ ಟಿಬಿ ಆಗಿತ್ತು. ದಿನಾ ಇಂಜೆಕ್ಷನ್, ವರ್ಷಗಟ್ಟಲೆ ಮಾತ್ರೆಯ ಕಾಲ. ಅದನ್ನು ಅವರೇ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದರು. ನಾನು ಆಕೆಯನ್ನು ಕೇಳಿದೆ, "ಅತ್ತೆಗೆ ನಾನು ಹೇಳಲಾ? ನೀನು ಹ್ಞೂಂ ಅಂದರೆ ಮಾತ್ರ." ನಾಲ್ಕು ದಿನ ಯೋಚನೆ ಮಾಡಿ ಹ್ಞೂಂ ಅಂದಳು. ಆಜೋಬಾ ಕೂಡ ಇರಲಿ ಅಂದವಳು ಆಕೆಯೇ.

ಅತ್ತೆ ಮೊದಲು ನನ್ನ ಮುಖ ನೋಡಲಿಲ್ಲ. ಗಿರಣಿ ಇದ್ದ ಜಾಗದಲ್ಲಿ ಎದ್ದಿರುವ ಟವರಿನಲ್ಲಿ ಮೂರು ಮನೆಗೆ ಅಡುಗೆ ಮಾಡುತ್ತಾರೆ ಅವರು. ವಿಷಯ ಗೊತ್ತಾದರೆ ಮೂರೂ ಮನೆ ಹೋಗುತ್ತವೆ ಅನ್ನೋದು ಅವರ ಭಯ. ನಾನು ಅದನ್ನು ಬರೀ ಅಜ್ಞಾನ ಅಂದುಕೊಂಡಿದ್ದೆ. ಅದು ತಿಂಗಳ ಲೆಕ್ಕ. ಸರಿಯಾಗಿ ಮಾತ್ರೆ ತಗೊಂಡರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಹರಡುವುದು ತುಂಬಾ ಕಡಿಮೆಯಾಗುತ್ತದೆ, ತಟ್ಟೆ ಲೋಟದಿಂದ ಟಿಬಿ ಬರಲ್ಲ ಅಂತ ಹೇಳಿದೆ. ಆಜೋಬಾ ಹೇಳಿದ್ದು ಒಂದೇ ಮಾತು: "ವಹಿನೀ, ನಾನು ಎಂಬತ್ತರ ಹತ್ತಿರ ಇದ್ದೀನಿ, ನೋಡಿ." ಆವತ್ತು ಸಂಜೆಯೇ ತಟ್ಟೆ ಮತ್ತೆ ಒಂದಾಗಲಿಲ್ಲ. ಮೂರು ವಾರ ಹಿಡಿಯಿತು.

ಆವತ್ತಿನಿಂದ ನಾನು ಮಾತು ಶುರು ಮಾಡುವುದೇ ಬಣ್ಣದಿಂದ. "ನಾಳೆ ಮೂತ್ರ ಕೆಂಪಾಗುತ್ತೆ, ಅದು ರಕ್ತ ಅಲ್ಲ, ಔಷಧಿಯ ಬಣ್ಣ." ಆಮೇಲೆ ಕೇಳುತ್ತೇನೆ: ಬಚ್ಚಲು ಎಲ್ಲಿದೆ, ನೀರು ಎಷ್ಟು ಗಂಟೆಗೆ, ಮನೆಯಲ್ಲಿ ಯಾರಿಗೆ ಗೊತ್ತು, ಯಾರಿಗೆ ಗೊತ್ತಾಗಬಾರದು. ಕಾರ್ಡು ತುಂಬುವುದು ಕೊನೆಗೆ. ಕೇಂದ್ರದ ಹೆಸರಿರುವ ಚೀಲ ಹಿಡಿದು ಚಾಳಿಗೆ ಹೋಗುವುದನ್ನೂ ಬಿಟ್ಟೆ.

ಕಿಟಕಿಯ ವಿಷಯವೂ ಹೀಗೇ. "ಕಿಟಕಿ ತೆರೆದಿಡಿ" ಅಂತ ಎಲ್ಲರಿಗೂ ಹೇಳುತ್ತೇವೆ. ಈ ಖೋಲಿಗಳಲ್ಲಿ ಕಿಟಕಿಗೆ ಅಡ್ಡವಾಗಿ ಕಬ್ಬಿಣದ ಕಪಾಟು ಇರುತ್ತದೆ. ಕಪಾಟಿಗೆ ಬೇರೆ ಗೋಡೆ ಎಲ್ಲಿದೆ? ಆಕೆಯ ಮನೆಯಲ್ಲಿ ನಾನು, ಮೈದುನ ಸೇರಿ ಕಪಾಟನ್ನು ಒಂದು ಗೇಣು ಸರಿಸಿದೆವು. ಅಷ್ಟೇ ಆದದ್ದು. ಆ ಒಂದು ಗೇಣಿನಲ್ಲಿ ಬೆಳಗ್ಗೆ ಬಿಸಿಲು ಬರುತ್ತಿತ್ತು.

ಟಿಬಿ ರೋಗಿಗೆ ಸರ್ಕಾರ ಕೊಡುವ ಊಟದ ದುಡ್ಡು ಆಗ ಇರಲಿಲ್ಲ. 2018ರಿಂದ ಚಿಕಿತ್ಸೆ ಇರುವಷ್ಟು ದಿನ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರಲು ಶುರುವಾಯಿತು, 2024ರ ನವೆಂಬರಿನಿಂದ 1000. ಅಂಥ ಹೊಸ ಸೊಸೆಯರಿಗೆ ಅದನ್ನು ಕೊಡಿಸುವುದೇ ಒಂದು ಕೆಲಸ. ಖಾತೆ ತವರಿನ ಹೆಸರಲ್ಲಿ, ಆಧಾರ್ ಇನ್ನೊಂದು ಹೆಸರಲ್ಲಿ. ನಾನೇ ಬ್ಯಾಂಕಿಗೆ ಜೊತೆಯಲ್ಲಿ ಹೋಗುತ್ತೇನೆ. ಅದು ನನ್ನ ಕೆಲಸ ಅಂತ ಎಲ್ಲೂ ಬರೆದಿಲ್ಲ.

ಆಕೆ ಮಾತ್ರೆ ಮುಗಿಸಿದಾಗ ತೂಕ 45 ಆಗಿತ್ತು. ಈಗ ಎರಡು ಮಕ್ಕಳ ತಾಯಿ. ಆಜೋಬಾ ತೀರಿಕೊಂಡರು. ಅತ್ತೆಗೆ ಈ ಮಳೆಗಾಲದಿಂದ ಕೆಮ್ಮು, ಎಕ್ಸ್‌ರೇ ಮಾಡಿಸಿ ಅಂದರೆ ಬರುತ್ತಿಲ್ಲ. ಎಕ್ಸ್‌ರೇ ತೆಗೆಯುವ ಹೊತ್ತಿಗೆ ಅವರು ಟವರಿನ ಎರಡನೇ ಮನೆಯಲ್ಲಿ ಚಪಾತಿ ಲಟ್ಟಿಸುತ್ತಿರುತ್ತಾರೆ. ಮಧ್ಯಾಹ್ನ ಎರಡರ ಮೇಲೆ ತೆಗೆಯಲು ಆಗುತ್ತಾ ಅಂತ ಟೆಕ್ನಿಷಿಯನ್ನರನ್ನು ಕೇಳಿದ್ದೇನೆ. ಸೋಮವಾರ ಹೇಳುತ್ತೇನೆ ಅಂದಿದ್ದಾರೆ.