ಮತ್ತೆ ಮೊದಲಿನ ಹಾಗೆ ಆಗುತ್ತಾ ಅಂತ ಕೇಳೋರಿಗೆ

"ಏನೋ, ನಿಮ್ಮ ನೆಬ್ರಾಸ್ಕಾ ಮತ್ತೆ ಡೈನಾಸ್ಟಿ ಆಗುತ್ತಾ, ಇಲ್ಲ ಹೀಗೇ ರಿಬಿಲ್ಡಿಂಗ್ ಮಾಡ್ಕೊಂಡೇ ಇರ್ತೀರಾ?" ಅಂತ ಡಾಲಸ್‌ನಲ್ಲಿರೋ ನಮ್ಮ ಭಾವ ಪ್ರತಿ ವರ್ಷ ಆಗಸ್ಟ್‌ನಲ್ಲಿ ಫೋನ್ ಮಾಡಿ ಕೇಳ್ತಾರೆ. ಆಫೀಸಿಗೆ ಹೊಸದಾಗಿ ಸೇರಿದೋರು ಕಾಫಿ ಮಷೀನ್ ಹತ್ರ ಕೇಳ್ತಾರೆ. ಕಳೆದ ಯುಗಾದಿ ಊಟದ ದಿನ ಓಹಾಯೋದಿಂದ ಬಂದಿದ್ದ ಒಬ್ರು, ಹೆಸರು ಪರಿಚಯ ಆಗೋಕೆ ಮುಂಚೆನೇ, ಎಲೆ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ ಇದನ್ನೇ ಕೇಳಿದ್ರು. ನಾನು 2008ರಲ್ಲಿ ಸಾಗರದಿಂದ ಬೆಂಗಳೂರು, ಬೆಂಗಳೂರಿಂದ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಅಂತ ಬಂದೋನು, ಅವತ್ತಿಂದ ಇಲ್ಲಿನ ಯೂನಿವರ್ಸಿಟಿ ಫುಟ್‌ಬಾಲ್ ಟೀಮಿನ ಹೆಚ್ಚುಕಡಿಮೆ ಎಲ್ಲಾ ಹೋಮ್ ಗೇಮ್‌ಗೂ ಹೋಗ್ತೀನಿ, ಹಾಗಾಗಿ ನಾನೇ ಟೀಮಿನ ವಕೀಲ ಅನ್ನೋ ಥರ ಎಲ್ರೂ ನನ್ನನ್ನೇ ಹಿಡ್ಕೊಳ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು. ಇನ್ಮೇಲೆ ಕೇಳಿದೋರಿಗೆ ಇದನ್ನೇ ಓದೋಕೆ ಕೊಡ್ತೀನಿ.

ಗೊತ್ತಿಲ್ಲದೋರಿಗೆ: ಇದು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ಬಾಲ್ ಕಂಕುಳಲ್ಲಿ ಇಟ್ಕೊಂಡು ಓಡೋ ಅಮೆರಿಕನ್ ಕಾಲೇಜ್ ಫುಟ್‌ಬಾಲ್. ಡೈನಾಸ್ಟಿ ಅಂದ್ರೆ ವರ್ಷಗಟ್ಟಲೆ ಗೆಲ್ತಾನೇ ಇರೋ ಟೀಮು, ರಿಬಿಲ್ಡಿಂಗ್ ಅಂದ್ರೆ ಸೋತ ಟೀಮನ್ನ ಮತ್ತೆ ಕಟ್ಟೋದು. ನೆಬ್ರಾಸ್ಕಾ ಅನ್ನೋದು ಜೋಳ, ದನ, ಗಾಳಿಯ ರಾಜ್ಯ, ಇಡೀ ರಾಜ್ಯದ ಜನಸಂಖ್ಯೆ 20 ಲಕ್ಷದ ಹತ್ರ ಅಷ್ಟೆ, ದೊಡ್ಡ ಪ್ರೊಫೆಷನಲ್ ಟೀಮ್ ಒಂದೂ ಇಲ್ಲ, ಇರೋದು ಈ ಯೂನಿವರ್ಸಿಟಿ ಟೀಮು. ಮ್ಯಾಚ್ ದಿನ ಸ್ಟೇಡಿಯಂ ತುಂಬಿದ್ರೆ ಒಮಾಹಾ, ಲಿಂಕನ್ ಬಿಟ್ರೆ ರಾಜ್ಯದ ಮೂರನೇ ದೊಡ್ಡ ಊರು ಅದೇ. 1962ರ ನವೆಂಬರ್‌ನಿಂದ ಇವತ್ತಿನ ತನಕ ಒಂದು ಹೋಮ್ ಗೇಮ್‌ಗೂ ಟಿಕೆಟ್ ಉಳಿದಿಲ್ಲ. ಟೀಮು 5 ಸಲ ನ್ಯಾಷನಲ್ ಚಾಂಪಿಯನ್, 1970, 71, 94, 95, 97. ಆಮೇಲೆ ಒಂದೂ ಇಲ್ಲ. ಕಾನ್ಫರೆನ್ಸ್ (ಒಂದಷ್ಟು ಕಾಲೇಜುಗಳ ಲೀಗು) ಗೆದ್ದಿದ್ದೂ 1999ರಲ್ಲೇ ಕೊನೆ. ಅಂದ್ರೆ ನಾನು ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು, ನಾನು ನೋಡಿದ್ದೆಲ್ಲಾ ಬರೀ ರಿಪೇರಿ ಕೆಲಸ.

ನನಗೆ ಸಿಟ್ಟು ಬರೋದು ಆ "ರಿಬಿಲ್ಡಿಂಗ್" ಅನ್ನೋ ಪದಕ್ಕೆ. ಹೊರಗಿಂದ ಮೇಸ್ತ್ರಿನ ಕರ್ಕೊಂಡು ಬಂದು ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದ ಹಾಗೆ ಮಾತಾಡ್ತಾರೆ. ಆ ಮನೆಯಲ್ಲಿ ಆಗಲೇ ಜನ ವಾಸ ಇದಾರೆ ಅನ್ನೋದು ಅವರ ತಲೆಗೇ ಬರಲ್ಲ.

2021ರ ನವೆಂಬರ್ 26, ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನ, ಅಯೋವಾ ಮೇಲೆ ಮ್ಯಾಚು. ಚಳಿ ಅಂದ್ರೆ ಮೂಗಿನ ತುದಿ ಇದೆಯೋ ಇಲ್ವೋ ಗೊತ್ತಾಗಲ್ಲ. ನನ್ನ ಪಕ್ಕದ ಸೀಟು ಒಬ್ಬ ಅಜ್ಜಂದು, ಅವರಪ್ಪ 1962ರಲ್ಲಿ ತಗೊಂಡ ಸೀಟಂತೆ. ಕಿವಿಗೆ ರೇಡಿಯೋ ಹಾಕ್ಕೊಂಡು, ಕಣ್ಣೆದುರು ನಡೀತಿರೋ ಆಟದ ಕಾಮೆಂಟರಿ ಕೇಳ್ತಾ ಕೂತಿರ್ತಾರೆ. ನಾವು 21-6 ಲೀಡ್ ಇದ್ವಿ. ಆ ವರ್ಷ ಎಲ್ಲಾ ಹೀಗೇ, ಗೆಲ್ಲೋ ಮ್ಯಾಚನ್ನೇ ಸೋತಿದ್ದು, ಆದ್ರೆ ಅವತ್ತು ಮಾತ್ರ ಆಗೋದೇ ಇಲ್ಲ ಅಂತ ಎಲ್ರಿಗೂ ಅನ್ನಿಸಿತ್ತು, ನಾನು ಕೈಗವಸು ತೆಗೆದು ಮನೆಗೆ ಫೋಟೋ ಕಳಿಸಿದ್ದೆ. ಆಮೇಲೆ ನಮ್ಮ ಪಂಟನ್ನ (ಬಾಲನ್ನ ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡೋದು) ಅಯೋವಾದೋರು ಬ್ಲಾಕ್ ಮಾಡಿ ಹಾಗೇ ಎತ್ಕೊಂಡು ಓಡಿ ಟಚ್‌ಡೌನ್ ಮಾಡಿದ್ರು. ಆ ಹೊತ್ತಲ್ಲಿ ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ಬಂದ ಸದ್ದು ಕೂಗಲ್ಲ, ಉಸಿರು ಬಿಟ್ಟ ಸದ್ದು. 28-21, ಸೋತ್ವಿ. ಆ ಸೀಸನ್‌ನಲ್ಲಿ 3 ಗೆಲುವು 9 ಸೋಲು, ಆ ಒಂಬತ್ತರಲ್ಲಿ ಒಂದೂ 9 ಪಾಯಿಂಟಿಗಿಂತ ಜಾಸ್ತಿ ಅಂತರದ್ದಲ್ಲ. ಅಜ್ಜ ಬೈಯಲಿಲ್ಲ, ಏನೂ ಮಾಡಲಿಲ್ಲ. ಕಿವಿಯಿಂದ ರೇಡಿಯೋ ವೈರ್ ತೆಗೆದು ಬೆರಳಿಗೆ ಸುತ್ತಿ ಸುತ್ತಿ ಜೇಬಿಗೆ ಹಾಕಿದ್ರು, ಕೂರೋ ದಿಂಬು ಮಡಚಿದ್ರು, "ಸೆಪ್ಟೆಂಬರ್‌ನಲ್ಲಿ ಸಿಗೋಣ" ಅಂತ ನನ್ನ ಭುಜ ತಟ್ಟಿ ಮೆಟ್ಟಿಲು ಇಳಿದ್ರು. ಪಾರ್ಕಿಂಗ್‌ನಲ್ಲಿ ಕಾರಿನ ಹೀಟರ್ ಹಾಕೋ ಅಷ್ಟರಲ್ಲಿ ಭಾವನ ಮೆಸೇಜ್ ಬಂದಿತ್ತು, "ಡೈನಾಸ್ಟಿ ಹೇಗಿದೆ?" ಅಂತ. ಆ ದಿನ ನಾನು ಉತ್ತರ ಕೊಡಲಿಲ್ಲ. ಈಗ ಕೊಡ್ತಿದೀನಿ ಭಾವ, ಪೂರ್ತಿ ಓದಿ.

ಸೋತು ಕೂತ ಟೀಮು ಡೈನಾಸ್ಟಿ ಆಗಬಹುದಾ? ಆಗಬಹುದು. ಇದೇ ಊರಲ್ಲಿ ಆಗಿದೆ. 1961ರಲ್ಲಿ ನೆಬ್ರಾಸ್ಕಾ ಗೆದ್ದಿದ್ದು 3 ಮ್ಯಾಚು. ಮಾರನೇ ವರ್ಷ ಬಾಬ್ ಡೆವೇನಿ ಕೋಚ್ ಆಗಿ ಬಂದ್ರು, 9 ಗೆಲುವು 2 ಸೋಲು. ಅಲ್ಲಿಂದ 2003ರ ತನಕ ಒಂದೇ ಒಂದು ಲೂಸಿಂಗ್ ಸೀಸನ್ (ಗೆಲುವಿಗಿಂತ ಸೋಲು ಜಾಸ್ತಿ ಇರೋ ವರ್ಷ) ಇಲ್ಲ. ಆದ್ರೆ ಕಥೆ ಹೇಳೋರು ಯಾವಾಗಲೂ ಒಂದು ವಿಷಯ ನುಂಗ್ತಾರೆ: ಡೆವೇನಿ 1967ರಲ್ಲೂ 68ರಲ್ಲೂ 6-4 (6 ಗೆಲುವು 4 ಸೋಲು) ಮಾಡಿದ್ರು, ಅವರನ್ನ ತೆಗೀಬೇಕು ಅಂತ ಒಮಾಹಾದಲ್ಲಿ ಸಹಿ ಸಂಗ್ರಹನೂ ನಡೀತು. ತೆಗೀಲಿಲ್ಲ. ಎರಡು ವರ್ಷಕ್ಕೆ ಚಾಂಪಿಯನ್. ಆಮೇಲೆ ಅವರ ಕೈಕೆಳಗೇ ಪಳಗಿದ ಟಾಮ್ ಓಸ್‌ಬೋರ್ನ್ 1973ರಲ್ಲಿ ಬಂದ್ರು, ಶುರುವಿನ ಐದು ವರ್ಷ ಓಕ್ಲಹೋಮಾ ಮೇಲೆ ಐದಕ್ಕೆ ಐದೂ ಸೋತ್ರು, ಮೊದಲನೇ ಚಾಂಪಿಯನ್‌ಶಿಪ್ ಸಿಕ್ಕಿದ್ದು 1994ರಲ್ಲಿ, ಅಂದ್ರೆ 22ನೇ ಸೀಸನ್‌ನಲ್ಲಿ. ಇವತ್ತು ಯಾವ ಕೋಚ್‌ಗೆ 22 ವರ್ಷ ಕೊಡ್ತಾರೆ ಹೇಳಿ.

ಆ 22 ವರ್ಷ ಸುಮ್ನೆ ಕಾದಿದ್ದಲ್ಲ. ಸ್ಕಾಲರ್‌ಶಿಪ್ ಇಲ್ಲದೆ ಸ್ವಂತ ಖರ್ಚಲ್ಲಿ ಬಂದು ಸೇರೋ ಹುಡುಗರು ಇರ್ತಾರೆ, ವಾಕ್-ಆನ್ ಅಂತಾರೆ. ಸಣ್ಣ ಸಣ್ಣ ಊರುಗಳ ಹೊಲದ ಹುಡುಗರು, ಮೊದಲ ಎರಡು ಮೂರು ವರ್ಷ ಆಡೋಕೇ ಸಿಗಲ್ಲ, ಪ್ರಾಕ್ಟೀಸ್‌ನಲ್ಲಿ ಏಟು ತಿಂದು, ತೂಕ ಎತ್ತಿ (ಕಾಲೇಜ್ ಫುಟ್‌ಬಾಲ್‌ನಲ್ಲಿ ತೂಕ ಎತ್ತಿಸೋಕೆ ಅಂತಲೇ ಸಂಬಳದ ಕೋಚ್ ಇಟ್ಟಿದ್ರಲ್ಲೂ ನೆಬ್ರಾಸ್ಕಾ ಮುಂದು, 1969ರಲ್ಲೇ) ನಾಲ್ಕನೇ ಐದನೇ ವರ್ಷಕ್ಕೆ ಮೈದಾನಕ್ಕೆ ಇಳೀತಿದ್ರು. ನಮ್ಮ ಕಡೆ ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಸಂಜೆ ಕೋಡಂಗಿ, ಬಾಲಗೋಪಾಲ ಕುಣಿದು, ಉಳಿದ ರಾತ್ರಿ ಚೌಕಿಯಲ್ಲಿ ಕೂತು ದೊಡ್ಡವರು ಬಣ್ಣ ಹಚ್ಚೋದು ನೋಡಿ ನೋಡಿ, ಎಷ್ಟೋ ತಿರುಗಾಟ ಆದ್ಮೇಲೆ ಒಂದಿನ ಕಿರೀಟದ ವೇಷ ಕಟ್ತಾನಲ್ಲ, ಥೇಟ್ ಹಾಗೆ. ಡೈನಾಸ್ಟಿ ಅಂತ ನೀವು ಟಿವಿಯಲ್ಲಿ ನೋಡಿದ್ದು ಬೆಳಗಿನ ಜಾವದ ಯುದ್ಧದ ಸೀನು. ನಾನು ಹೇಳ್ತಿರೋದು ಚೌಕಿ ವಿಷಯ.

ಅದನ್ನ ಕೆಡಿಸಿದ್ದು ಯಾರು? ಸೋಲಲ್ಲ. ಓಸ್‌ಬೋರ್ನ್ 1997ರಲ್ಲಿ ಗೆದ್ದು ನಿವೃತ್ತಿ ಆದ್ರು, ಜಾಗಕ್ಕೆ ಬಂದೋರು ಫ್ರಾಂಕ್ ಸೋಲಿಚ್, ಡೆವೇನಿ ಕೆಳಗೆ ಆಡಿದೋರು, ಓಸ್‌ಬೋರ್ನ್ ಕೆಳಗೆ ಅಸಿಸ್ಟೆಂಟ್ ಆಗಿದ್ದೋರು. ಮೂರು ಕೋಚು, 42 ವರ್ಷ, ಒಂದೇ ಸರಪಳಿ. 2003ರಲ್ಲಿ ಸೋಲಿಚ್ 9 ಗೆದ್ದು 3 ಸೋತಿದ್ರು, ಅದು ಸಾಲಲ್ಲ ಅಂತ ಮೇಲಿನೋರು ತೆಗೆದು ಹಾಕಿದ್ರು. ಮಾರನೇ ವರ್ಷ 5-6, 1961ರ ನಂತರ ಮೊದಲನೇ ಲೂಸಿಂಗ್ ಸೀಸನ್. 2014ರಲ್ಲಿ ಬೋ ಪೆಲಿನಿ, ಏಳು ಸೀಸನ್ ಒಂದೂ ಬಿಡದೆ 9 ಅಥವಾ 10 ಗೆದ್ದೋರು, ಅವರೂ 9-3 ಮಾಡಿದ್ರು, ಅವರನ್ನೂ ಕಳಿಸಿದ್ರು. ಆ ಮನುಷ್ಯನ ಬಾಯಿ ಸರಿ ಇರಲಿಲ್ಲ ನಿಜ, ನನಗೂ ಅವರು ಅಷ್ಟಕ್ಕಷ್ಟೇ, ಆದ್ರೂ ಎರಡು ಸಲ 9-3ಗೆ ಕೈ ತೊಳೆದು, ಆಮೇಲೆ 5-7ಗೆ, 4-8ಗೆ, 3-9ಗೆ ಇಳಿದ್ವಿ. ಡೈನಾಸ್ಟಿ ಬೇಕು ಬೇಕು ಅನ್ನೋ ಆತುರವೇ ಡೈನಾಸ್ಟಿನ ತಿಂದಿದ್ದು. ಇದು ನನ್ನ ಖಡಾಖಂಡಿತ ಅಭಿಪ್ರಾಯ, ಜಗಳ ಆಡೋರು ಆಡಿ.

"ಹಾಗಾದ್ರೆ ಸ್ಕಾಟ್ ಫ್ರಾಸ್ಟ್?" ಅಂತ ಕೇಳ್ತಾರೆ, ನ್ಯಾಯವಾದ ಮಾತೇ. 1997ರ ಚಾಂಪಿಯನ್ ಟೀಮಿನ ಕ್ವಾರ್ಟರ್‌ಬ್ಯಾಕ್ (ಆಟ ನಡೆಸೋ, ಬಾಲ್ ಎಸೆಯೋ ಮುಖ್ಯ ಆಟಗಾರ), ಇದೇ ರಾಜ್ಯದ ಸಣ್ಣ ಊರಿನ ಹುಡುಗ, 2018ರಲ್ಲಿ ಕೋಚ್ ಆಗಿ ವಾಪಸ್ ಬಂದಾಗ ನಾವೆಲ್ಲಾ ಹಬ್ಬ ಮಾಡಿದ್ವಿ. 16 ಗೆಲುವು 31 ಸೋಲು, 2022ರ ಸೀಸನ್ ಮಧ್ಯದಲ್ಲೇ ಮನೆಗೆ. ಅಯೋವಾ ಮ್ಯಾಚಿನ ದಿನ ಕೋಚು ಅವರೇ. ಹದಿನಾಲ್ಕು ವರ್ಷ ಕಡಿದು ಬಿದ್ದಿದ್ದ ಸರಪಳಿಗೆ ಹಳೇ ಕೊಂಡಿ ಒಂದನ್ನ ತಂದು ಸಿಕ್ಕಿಸಿದ್ರೆ ಅದು ಏನನ್ನ ಹಿಡ್ಕೊಳ್ಳುತ್ತೆ?

ಈಗ ಹೊಸದಾಗಿ ಇಂಡಿಯಾನಾ ಯೂನಿವರ್ಸಿಟಿ ಉದಾಹರಣೆ ತಂದು ಮುಖಕ್ಕೆ ಹಿಡೀತಾರೆ. 2023ರಲ್ಲಿ 3-9 ಇದ್ದ ಇಂಡಿಯಾನಾ, ಕರ್ಟ್ ಸಿಗ್ನೆಟಿ ಕೋಚ್ ಆಗಿ ಬಂದ ಎರಡನೇ ಸೀಸನ್‌ನಲ್ಲಿ 16-0, ನ್ಯಾಷನಲ್ ಚಾಂಪಿಯನ್, "ಅವರಿಗಾಗಿದ್ದು ನಿಮಗ್ಯಾಕೆ ಆಗಲ್ಲ" ಅಂತ. ಅದ್ಭುತ ಸೀಸನ್, ನಾನೂ ಕಣ್ಣು ಮಿಟುಕಿಸದೆ ನೋಡ್ದೆ. ಆದ್ರೆ ಎರಡು ವರ್ಷಕ್ಕೆ ಗೆಲ್ಲೋಕೆ ಈಗ ಸಾಧ್ಯ ಆಗ್ತಿರೋದೂ, ನಲವತ್ತು ವರ್ಷ ಉಳಿಯೋದು ಕಷ್ಟ ಆಗಿರೋದೂ ಒಂದೇ ಕಾರಣಕ್ಕೆ. ಆಟಗಾರರು ಈಗ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರು ಹಾಕಿ ಬೇರೆ ಕಾಲೇಜಿಗೆ ಹೋಗಿ ಅದೇ ವರ್ಷ ಆಡಬಹುದು, 2021ರಿಂದ ತಮ್ಮ ಹೆಸರಲ್ಲಿ ದುಡ್ಡೂ ಮಾಡಬಹುದು, 2025ರಿಂದ ಯೂನಿವರ್ಸಿಟಿಗಳೇ ನೇರವಾಗಿ ದುಡ್ಡು ಕೊಡ್ತಾವೆ. ಹುಡುಗರಿಗೆ ಸಿಕ್ಕಿದ್ದು ನ್ಯಾಯ, ಅವರ ಮಂಡಿ ಅವರ ಮೂಳೆ ಮುರಿಯೋದು, ದುಡ್ಡು ಅವರಿಗೇ ಬರಬೇಕು. ಆದ್ರೆ ಇಂಡಿಯಾನಾನ ಗೆಲ್ಲಿಸಿದ ಕ್ವಾರ್ಟರ್‌ಬ್ಯಾಕ್ ಮೆಂಡೋಝಾ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಿಂದ ಟ್ರಾನ್ಸ್‌ಫರ್ ಆಗಿ ಬಂದೋನು. ನಮ್ಮ ಕ್ವಾರ್ಟರ್‌ಬ್ಯಾಕ್ ಆಗಿದ್ದ ಡಿಲನ್ ರಯೋಲಾ, ಅವರಪ್ಪ ಇದೇ ಲಿಂಕನ್‌ನಲ್ಲಿ ಆಡಿ ಹೆಸರು ಮಾಡಿದೋರು, ಆ ಹುಡುಗ ಎರಡು ಸೀಸನ್ ಆಡಿ ಕಾಲು ಮುರ್ಕೊಂಡು ಆಮೇಲೆ ಬಿಟ್ಟು ಹೋದ. ಜೊತೆಗೆ ಈಗ ಒಂದು ಟೀಮಲ್ಲಿ 105 ಜನರಿಗಿಂತ ಜಾಸ್ತಿ ಇರೋ ಹಾಗಿಲ್ಲ ಅಂತ ರೂಲ್ಸು. ಅದಕ್ಕಿಂತ ಎಷ್ಟೋ ಜಾಸ್ತಿ ಹುಡುಗರನ್ನ ಇಟ್ಕೊಂಡು ಬೆಳೆಸ್ತಿದ್ದ ನಮ್ಮ ವಾಕ್-ಆನ್ ಪದ್ಧತಿಗೆ ಬಿದ್ದ ಏಟು ಅದು. ಚೌಕಿನೇ ಚಿಕ್ಕದಾಯ್ತು.

ಈ ಪ್ರಶ್ನೆ ಬದಲು ನನ್ನನ್ನ ವಾಲಿಬಾಲ್ ಬಗ್ಗೆ ಯಾಕೆ ಯಾರೂ ಕೇಳಲ್ಲ? ಅದೇ ಯೂನಿವರ್ಸಿಟಿ, ಅದೇ ಊರು, ಅದೇ ಕೆಂಪು ಅಂಗಿ. ಹೆಣ್ಣುಮಕ್ಕಳ ವಾಲಿಬಾಲ್ ಟೀಮು 1995, 2000, 2006, 2015, 2017ರಲ್ಲಿ ಚಾಂಪಿಯನ್. 1977ರಿಂದ ಇವತ್ತಿನ ತನಕ ಬರೀ ಮೂರು ಕೋಚು: ಟೆರಿ ಪೆಟಿಟ್, ಅವರ ಅಸಿಸ್ಟೆಂಟ್ ಆಗಿದ್ದ ಜಾನ್ ಕುಕ್, ಈಗ ಡಾನಿ ಬುಸ್‌ಬೂಮ್ ಕೆಲ್ಲಿ. ಈಕೆ 2006ರ ಚಾಂಪಿಯನ್ ಟೀಮಲ್ಲಿ ಕುಕ್ ಕೆಳಗೆ ಆಡಿದೋಳು, 2015ರಲ್ಲಿ ಅವರ ಅಸಿಸ್ಟೆಂಟ್, ಆಮೇಲೆ ಲೂಯಿವಿಲ್‌ಗೆ ಹೋಗಿ ಅಲ್ಲಿ ಟೀಮು ಕಟ್ಟಿ, 2025ರಲ್ಲಿ ಕುಕ್ ನಿವೃತ್ತಿ ಆದಾಗ ತವರಿಗೆ ಬಂದ್ರು. ಫುಟ್‌ಬಾಲ್‌ನೋರು ಕಡಿದ ಸರಪಳಿ ಇವರ ಹತ್ರ ಹಾಗೇ ಇದೆ. ಪೋರ್ಟಲ್ ಅವರಿಗೂ ಇದೆ, ದುಡ್ಡಿನ ಗಲಾಟೆ ಅವರಿಗೂ ಇದೆ. ಅವರು ಆಡೋ ಕಟ್ಟಡಕ್ಕೆ ಇವತ್ತಿಗೂ ಡೆವೇನಿ ಹೆಸರಿದೆ.

2023ರ ಆಗಸ್ಟ್ 30, ಬುಧವಾರ ಸಂಜೆ, ಫುಟ್‌ಬಾಲ್ ಸ್ಟೇಡಿಯಂ ಮಧ್ಯಕ್ಕೆ ನೆಟ್ ಕಟ್ಟಿ ವಾಲಿಬಾಲ್ ಆಡಿಸಿದ್ರು. 92,003 ಜನ. ಹೆಣ್ಣುಮಕ್ಕಳ ಆಟ ನೋಡೋಕೆ ಅಷ್ಟು ಜನ ಸೇರಿದ್ದು ಲೋಕದಲ್ಲೇ ದಾಖಲೆ ಅಂತ ಅವತ್ತು ಹೇಳಿದ್ರು. ನಾನು ಮಗಳನ್ನ ಕರ್ಕೊಂಡು ಹೋಗಿದ್ದೆ, ಸಾಗರದಲ್ಲಿ ಹೈಸ್ಕೂಲ್ ಮೈದಾನದಲ್ಲಿ ಹರಿದ ನೆಟ್ ಕಟ್ಟಿ, ಸುಣ್ಣದ ಗೆರೆ ಹಾಕಿ ನಾವು ಆಡ್ತಿದ್ದ ಆಟ ಅಲ್ವಾ, ಅವಳಿಗೆ ಸರ್ವ್, ಸ್ಮ್ಯಾಶು ಎಲ್ಲಾ ನಾನೇ ಹೇಳ್ಕೊಟ್ಟೆ. ಗಂಟಲು ಕಟ್ಟಿತ್ತು, ಕೂಗಿದ್ದಕ್ಕೆ ಮಾತ್ರ ಅಲ್ಲ.

2025ರಲ್ಲಿ ಆ ಹುಡುಗಿಯರು 33 ಮ್ಯಾಚ್ ಆಡಿ 33ನ್ನೂ ಗೆದ್ದು, ಡಿಸೆಂಬರ್‌ನಲ್ಲಿ ತಮ್ಮ ಮನೆಯಲ್ಲೇ, ಟೆಕ್ಸಾಸ್ ಎ ಅಂಡ್ ಎಂ ಮೇಲೆ ಐದನೇ ಸೆಟ್‌ನಲ್ಲಿ ಸೋತು ಹೊರಗೆ ಹೋದ್ರು. ಮಗಳು ಅವತ್ತು ಊಟ ಮಾಡಲಿಲ್ಲ. ಆದ್ರೆ ಕೋಚ್‌ನ ತೆಗೀರಿ ಅನ್ನೋ ಮಾತು ನಾನು ಈ ಊರಲ್ಲಿ ಒಬ್ಬರ ಬಾಯಲ್ಲೂ ಕೇಳಲಿಲ್ಲ, ರಿಬಿಲ್ಡಿಂಗ್ ಅನ್ನೋ ಪದನೂ ಇಲ್ಲ.

ಫುಟ್‌ಬಾಲ್‌ಗೆ ಈಗ ಕೋಚ್ ಆಗಿ ಮ್ಯಾಟ್ ರೂಲ್ ಇದಾರೆ. 5-7, ಆಮೇಲೆ 7-6, ಮತ್ತೆ 7-6. ಕಾಂಟ್ರ್ಯಾಕ್ಟ್ 2032ರ ತನಕ ಮುಂದಕ್ಕೆ ಹಾಕಿದಾರೆ, ಜನ ಗೊಣಗ್ತಾರೆ, ನಾನು ಗೊಣಗಲ್ಲ. ಓಸ್‌ಬೋರ್ನ್ ಕಾಲದ ಥರ ಮತ್ತೆ ಆಗುತ್ತಾ ಅಂದ್ರೆ ಇಲ್ಲ ಭಾವ, ಆಗಲ್ಲ, ಅಂಥದ್ದು ಹುಟ್ಟೋ ಜಾಗನೇ ಈಗ ಇಲ್ಲ. ವರ್ಷಕ್ಕೆ 9 ಗೆಲ್ಲೋ ಟೀಮ್ ಆಗಬಹುದು. ಆಗ ಯಾರಾದ್ರೂ 9-3 ಸಾಲಲ್ಲ ಅಂತ ಶುರು ಮಾಡಿದ್ರೆ ನಾನೇ ಮೊದಲು ಜಗಳಕ್ಕೆ ಹೋಗ್ತೀನಿ. ಸೆಪ್ಟೆಂಬರ್ ಟಿಕೆಟ್ ದುಡ್ಡು ಕಟ್ಟಿದೀನಿ, ಅಜ್ಜನೂ ಕಟ್ಟಿದಾರಂತೆ. ಅವರ ರೇಡಿಯೋ ಹಾಳಾಗಿದೆ, ಹೊಸದು ನಾನು ತಗೊಂಡು ಹೋಗ್ಬೇಕು.