ಇಂಗ್ಲೆಂಡಿನಲ್ಲಿ ಫಾರ್ಮಸಿಸ್ಟ್ ಅಂದರೆ ಬರೀ ಮಾತ್ರೆ ಕೊಡುವವರಲ್ಲ

ಇಲ್ಲಿನ ಔಷಧಿ ಅಂಗಡಿಗಳಲ್ಲಿ ಕೌಂಟರಿನ ಪಕ್ಕ ಒಂದು ಪುಟ್ಟ ಕೋಣೆ ಇರುತ್ತದೆ. ಎರಡು ಕುರ್ಚಿ, ಬಿಪಿ ನೋಡುವ ಯಂತ್ರ, ಹಾಕಿಕೊಳ್ಳಲು ಬಾಗಿಲು. ಊರಿನ ಮೆಡಿಕಲ್ ಶಾಪ್‌ಗೆ ಹೊಂದಿಕೊಂಡ ನನಗೆ ಮೊದಮೊದಲು ಇದು ಯಾಕೆ ಅಂತಲೇ ತಿಳಿಯಲಿಲ್ಲ. ಮಗಳಿಗೆ ಕಿವಿನೋವು ಬಂದಾಗ ತಿಳಿಯಿತು.

ಜಿ.ಪಿ. ಹತ್ತಿರ, ಅಂದರೆ ನಮ್ಮ ಕುಟುಂಬ ವೈದ್ಯರ ಹತ್ತಿರ, ಅವತ್ತು ಅಪಾಯಿಂಟ್‌ಮೆಂಟ್ ಇರಲಿಲ್ಲ. ಫಾರ್ಮಸಿಗೆ ಹೋಗಿ ಅಂದರು. ಫಾರ್ಮಸಿಸ್ಟ್ ಅವಳನ್ನು ಆ ಕೋಣೆಯಲ್ಲಿ ಕೂರಿಸಿ, ಓಟೋಸ್ಕೋಪ್ ಎಂಬ ಕಿವಿಯೊಳಗೆ ನೋಡುವ ಉಪಕರಣ ಹಿಡಿದು ಮೊದಲು ನೋವಿಲ್ಲದ ಕಿವಿ, ಆಮೇಲೆ ನೋಯುವ ಕಿವಿ ನೋಡಿದರು. ಜ್ವರ ಎಷ್ಟು ದಿನದಿಂದ, ಕಿವಿ ಸೋರುತ್ತಿದೆಯಾ, ಯಾವುದಾದರೂ ಔಷಧಿ ಅಲರ್ಜಿ ಇದೆಯಾ, ಎಲ್ಲ ಕೇಳಿದರು. ಆಂಟಿಬಯೋಟಿಕ್ ಬೇಡ ಅಂದು ನೋವು ಕಡಿಮೆಯಾಗುವ ಹನಿ ಕೊಟ್ಟರು. ಯಾವ ಲಕ್ಷಣ ಕಂಡರೆ ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು ಅನ್ನುವುದನ್ನೂ ಬಿಡಿಸಿ ಹೇಳಿದರು. ಕೊಡುವ ಅಧಿಕಾರ ಇದ್ದೂ ಬೇಡ ಅಂದರಲ್ಲ, ಅದೇ ನನಗೆ ಜಾಸ್ತಿ ಇಷ್ಟವಾಗಿದ್ದು.

ಇದರ ಹೆಸರು ಫಾರ್ಮಸಿ ಫಸ್ಟ್. ಇಂಗ್ಲೆಂಡಿನಲ್ಲಿ 2024ರ ಜನವರಿ 31ರಂದು ಶುರುವಾಯಿತು. ಗಂಟಲುನೋವು, ಸೈನಸ್, ಮಕ್ಕಳ ಕಿವಿನೋವು, ಹೆಂಗಸರ ಉರಿಮೂತ್ರ, ಸರ್ಪಸುತ್ತು, ಹುಳ ಕಚ್ಚಿ ಸೋಂಕಾದ ಗಾಯ, ಇಂಪೆಟೈಗೊ ಎಂಬ ಚರ್ಮದ ಸೋಂಕು, ಈ ಏಳಕ್ಕೆ ಡಾಕ್ಟರ ಚೀಟಿ ಇಲ್ಲದೆ ಫಾರ್ಮಸಿಸ್ಟ್ ಚಿಕಿತ್ಸೆ ಕೊಡಬಹುದು. ಎಲ್ಲದಕ್ಕೂ ವಯಸ್ಸಿನ ಮಿತಿ, ನಿಯಮ ಇವೆ. ಫ್ಲೂ ಲಸಿಕೆಯನ್ನೂ ಅಲ್ಲೇ ಹಾಕಿಸಿಕೊಳ್ಳಬಹುದು.

ನಮ್ಮ ಯಜಮಾನರಿಗೆ ಬಿಪಿಗೆ ಆಮ್ಲೋಡಿಪಿನ್ ಶುರುಮಾಡಿದಾಗ ಇನ್ನೊಂದು ಕೆಲಸ ಕಂಡೆ. ಒಂದೆರಡು ವಾರ ಕಳೆದ ಮೇಲೆ ಫಾರ್ಮಸಿಯಿಂದಲೇ ಫೋನ್ ಬಂತು. ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ, ಏನಾದರೂ ತೊಂದರೆ ಇದೆಯಾ? ಪಾದದ ಗಂಟು ಊದಿಕೊಂಡಿತ್ತು, ಇವರು ನಿಂತು ಕೆಲಸ ಮಾಡಿದ್ದಕ್ಕೆ ಅಂದುಕೊಂಡು ಸುಮ್ನಿದ್ದರು. ಆ ಮಾತ್ರೆಯಿಂದಲೂ ಹಾಗಾಗುತ್ತದಂತೆ. ಫಾರ್ಮಸಿಸ್ಟ್ ಜಿ.ಪಿ.ಗೆ ತಿಳಿಸಿದರು, ಮಾತ್ರೆ ಬದಲಾಯಿತು. ಫೋನ್ ಬರದಿದ್ದರೆ ಇವರೇ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡುತ್ತಿದ್ದರು, ಗಂಡಸರ ಕಥೆ ಗೊತ್ತಲ್ವಾ.

ಆಸ್ಪತ್ರೆಗಳಲ್ಲೂ ಫಾರ್ಮಸಿಸ್ಟ್‌ಗಳು ವಾರ್ಡಿಗೇ ಬರುತ್ತಾರೆ. ಮನೆಯಲ್ಲಿ ತಗೊಳ್ಳುತ್ತಿದ್ದ ಔಷಧಿಗೂ ಆಸ್ಪತ್ರೆಯಲ್ಲಿ ಬರೆದಿದ್ದಕ್ಕೂ ತಾಳೆ ನೋಡುತ್ತಾರೆ. ಇದಕ್ಕೆಲ್ಲ ನಾಲ್ಕು ವರ್ಷ ಓದಿ, ಮೇಲೊಂದು ವರ್ಷ ತರಬೇತಿ ಪಡೆದಿರುತ್ತಾರೆ.

ಅತ್ತೆ ಹಾಸನದಿಂದ ಬಂದಾಗ ಚೀಲದ ತುಂಬ ಮಾತ್ರೆ ಸ್ಟ್ರಿಪ್ ತಂದಿದ್ದರು. ಅದನ್ನು ಫಾರ್ಮಸಿಸ್ಟ್ ಮುಂದೆ ಸುರಿದೆವು. ಅವರು ಬ್ರಾಂಡ್ ಹೆಸರು ನೋಡಲೇ ಇಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಔಷಧಿಯ ಹೆಸರು ಓದುತ್ತಾ ಹೋದರು. ಎರಡು ಬೇರೆ ಬೇರೆ ಹೆಸರಿನ ಮಾತ್ರೆ, ಎರಡೂ ಪ್ಯಾಂಟೊಪ್ರಜೋಲ್! ಒಂದು ಹೊಟ್ಟೆ ಉರಿಗೆ ಅಂತ, ಇನ್ನೊಂದು ಮಂಡಿನೋವಿನ ಮಾತ್ರೆ ಜೊತೆಗೆ ಅಂತ, ಇಬ್ಬರು ಡಾಕ್ಟರು ಕೊಟ್ಟಿದ್ದು. ಫಾರ್ಮಸಿಸ್ಟ್ ತಾವಾಗಿ ಏನನ್ನೂ ನಿಲ್ಲಿಸಲಿಲ್ಲ. ಎಲ್ಲವನ್ನೂ ಔಷಧಿಯ ಹೆಸರಲ್ಲೇ ಪಟ್ಟಿ ಮಾಡಿ, ನಿಮ್ಮ ಡಾಕ್ಟರಿಗೆ ತೋರಿಸಿ ಅಂದರು. ಹಾಸನದ ಡಾಕ್ಟರು ನೋಡಿ ಒಂದನ್ನು ನಿಲ್ಲಿಸಿದರು.

ನಿಮ್ಮ ಮನೆಯ ಹಿರಿಯರೂ ಇಬ್ಬರು ಮೂವರು ಡಾಕ್ಟರ ಔಷಧಿ ತಗೊಳ್ತಿದ್ದರೆ ಇಂಥದೊಂದು ಪಟ್ಟಿ ಮಾಡಿಸಿ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಮೂರರಲ್ಲೂ ಇರುವುದು ಪ್ಯಾರಾಸಿಟಮಾಲೇ. ನಮ್ಮಲ್ಲೂ 2008ರಿಂದ ಆರು ವರ್ಷದ ಫಾರ್ಮ್‌ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ, ಓದು ಇದೆ, ಮೈಸೂರಿನ ಜೆಎಸ್‌ಎಸ್‌ನಲ್ಲೂ ಕಲಿಸುತ್ತಾರೆ. ಅದನ್ನು ಓದಿದವರು ಯಾರಾದರೂ ಪರಿಚಯವಿದ್ದರೆ ಮಾತ್ರೆ ಚೀಲ ಹಿಡಿದು ಹೋಗಿ ಕೇಳಿ, ಅವರು ಕಲಿತಿರುವುದೇ ಈ ಕೆಲಸವನ್ನು.