ನಂದಿಬೆಟ್ಟಕ್ಕೆ ಆಟೊಮ್ಯಾಟಿಕ್ ಕಾರು: 'ಪಿ'ಯಿಂದ ಲಿವರ್ ಬರದಿದ್ದರೆ

ಬೆಂಗಳೂರಿನಿಂದ ದೇವನಹಳ್ಳಿ ದಾಟಿ ನಂದಿಬೆಟ್ಟಕ್ಕೆ ಸುಮಾರು 60 ಕಿಲೋಮೀಟರ್. ಸೂರ್ಯೋದಯ ನೋಡಬೇಕಾದರೆ ಕತ್ತಲಿರುವಾಗಲೇ ಹೊರಡಬೇಕು. ಆಟೊಮ್ಯಾಟಿಕ್ ಕಾರಿನವರಿಗೆ ಹಿಂದಿನ ಸಂಜೆಯೇ ಒಂದು ಕೆಲಸವಿದೆ. ಕಾರಿನ ಹಿಂಬದಿ ಗೋಡೆಗೆ ಮುಖಮಾಡುವಂತೆ ನಿಲ್ಲಿಸಿ ಬ್ರೇಕ್ ಒತ್ತಿ. ಗೋಡೆ ಕೆಂಪಾಯಿತೇ ನೋಡಿ. ಬ್ರೇಕ್ ದೀಪ ಉರಿಸುವ ಪೆಡಲ್ ಸ್ವಿಚ್ಚೇ ಹೆಚ್ಚಿನ ಕಾರುಗಳಲ್ಲಿ ಗೇರ್ ಲಿವರಿನ ಬೀಗಕ್ಕೂ (ಬ್ರೇಕ್ ಒತ್ತದೆ ಲಿವರ್ 'ಪಿ' ಅಂದರೆ ಪಾರ್ಕ್ ಬಿಟ್ಟು ಬರದಂತೆ ತಡೆಯುವುದು ಇದೇ) ಸೂಚನೆ ಕೊಡುತ್ತದೆ. ದೀಪ ಉರಿಯದಿದ್ದರೆ ಬೆಟ್ಟದ ಮೇಲೆ ಲಿವರೂ 'ಪಿ'ಯಲ್ಲೇ ಉಳಿಯಬಹುದು. ಫ್ಯೂಸ್ ಅಥವಾ ಆ ಸ್ವಿಚ್ ಮೊದಲು ನೋಡಿ. ಎರಡೂ ಅಗ್ಗದ ಭಾಗಗಳೇ.

ಬೆಟ್ಟ 1,478 ಮೀಟರ್ ಎತ್ತರ, ದಾರಿ ತುಂಬಾ ಹಿಮ್ಮುರಿ ತಿರುವುಗಳು. ಇಳಿಜಾರಿನಲ್ಲಿ ನಿಲ್ಲಿಸುವಾಗ ಬಹಳ ಜನ ನೇರ 'ಪಿ'ಗೆ ಹಾಕಿ ಕಾಲು ತೆಗೆಯುತ್ತಾರೆ. ಆಗ ಇಡೀ ಕಾರಿನ ಭಾರ ಗೇರ್‌ಬಾಕ್ಸಿನೊಳಗಿನ ಒಂದು ಚಿಕ್ಕ ಕೊಕ್ಕೆಯ ಮೇಲೆ ಕೂರುತ್ತದೆ. ಹಾಗೆ ಮಾಡಬೇಡಿ. ಬ್ರೇಕ್ ಒತ್ತಿಕೊಂಡೇ 'ಎನ್'ಗೆ (ನ್ಯೂಟ್ರಲ್) ತನ್ನಿ, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆಯಿರಿ, ಕಾಲನ್ನು ಮೆಲ್ಲಗೆ ಸಡಿಲಿಸಿ ಭಾರ ಹ್ಯಾಂಡ್‌ಬ್ರೇಕಿಗೆ ಇಳಿಯಲು ಬಿಡಿ. ಮತ್ತೆ ಬ್ರೇಕ್ ಒತ್ತಿ 'ಪಿ'ಗೆ ಹಾಕಿ. ಹೊರಡುವಾಗ ಬ್ರೇಕ್ ಒತ್ತಿ ಮೊದಲು 'ಪಿ' ಬಿಡಿಸಿ, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ.

ಇಷ್ಟಾದ ಮೇಲೂ ಲಿವರ್ ಬರದಿದ್ದರೆ ಬಲ ಹಾಕಬೇಡಿ, ಕಿವಿಗೊಡಿ. ಕೀ ಆನ್ ಮಾಡಿ ಬ್ರೇಕ್ ಒತ್ತಿದಾಗ ಲಿವರಿನ ಬುಡದಲ್ಲಿ ಟಕ್ ಎಂಬ ಸದ್ದು ಬರಬೇಕು. ಸೊಲೆನಾಯ್ಡ್ (ವಿದ್ಯುತ್ಕಾಂತದ ಸುರುಳಿ) ಬೀಗದ ಪಿನ್ ಎಳೆದುಕೊಳ್ಳುವ ಸದ್ದು ಅದು. ಹಿಂದೆ ದೀಪ ಉರಿಯುತ್ತದೆ, ಸದ್ದಿಲ್ಲ ಎಂದರೆ ಸೊಲೆನಾಯ್ಡ್, ಅದರ ವೈರು ಇಲ್ಲವೇ ಸೊರಗಿದ ಬ್ಯಾಟರಿಯನ್ನು ಅನುಮಾನಿಸಿ. ಕಾಫಿಯೋ ಎಳನೀರೋ ಲಿವರಿನ ಸಂದಿಗೆ ಚೆಲ್ಲಿ ಅಂಟಾದರೂ ಇದೇ ಗತಿ. ಸದ್ದು ಬಂದೂ ಲಿವರ್ ಬಿಗಿಯಾಗಿದ್ದರೆ ಭಾರ ಕೊಕ್ಕೆಯ ಮೇಲಿದೆ: ಚಕ್ರಗಳ ಇಳಿಜಾರು ಬದಿಗೆ ಕಲ್ಲು ಕೊಟ್ಟು, ಇಬ್ಬರು ಪಕ್ಕಕ್ಕೆ ನಿಂತು ಕಾರನ್ನು ಏರಿನತ್ತ ತುಸು ಒತ್ತಿ ಹಿಡಿದರೆ ಬಿಡುತ್ತದೆ. ಕಾರಿನ ಇಳಿಜಾರು ಬದಿಯಲ್ಲಿ ಮಾತ್ರ ಯಾರೂ ನಿಲ್ಲಬಾರದು.

ಬಹಳಷ್ಟು ಕಾರುಗಳಲ್ಲಿ ಲಿವರಿನ ಪಕ್ಕ ಚಿಕ್ಕ ಮುಚ್ಚಳವಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಕೊಂಡು, ಮುಚ್ಚಳ ತೆಗೆದು ಕೀ ಅಥವಾ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಒತ್ತಿದರೆ ಬೀಗ ಬಿಡುತ್ತದೆ. ಆದರೆ ಬ್ರೇಕ್ ದೀಪ ಉರಿಯದ ಕಾರನ್ನು ಹಾಗೇ ಇಳಿಸಬೇಡಿ. ಹಿಂದಿನವರಿಗೆ ನೀವು ನಿಲ್ಲಿಸುವುದು ತಿಳಿಯದು.

ಲಿವರ್ ಸಲೀಸಾಗಿ ಆಡುತ್ತದೆ, ಗೇರ್ ಮಾತ್ರ ಬದಲಾಗುವುದಿಲ್ಲ ಎಂದರೆ ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ ತುದಿಯ ಬುಷ್ ಸವೆದು ಕಳಚಿರಬಹುದು. 'ಎನ್'ನಲ್ಲಿ ಸ್ಟಾರ್ಟ್ ಆಗಿ 'ಪಿ'ಯಲ್ಲಿ ಆಗದಿದ್ದರೂ ಕೇಬಲ್ ಹೊಂದಾಣಿಕೆ ಇಲ್ಲವೇ ಗೇರ್ ಸ್ಥಾನದ ಸ್ವಿಚ್ ನೋಡಿಸಬೇಕು. ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಯಂತ್ರ ತಾನಾಗಿ ಬದಲಿಸುವ) ಕಾರುಗಳ ಮಾತು ಬೇರೆ. ಹಲವದರಲ್ಲಿ 'ಪಿ'ಯೇ ಇರುವುದಿಲ್ಲ.

ಇಳಿಯುವಾಗ ಕೆಳ ಗೇರಿನಲ್ಲಿರಲು 'ಎಲ್', '2' ಅಥವಾ ಮ್ಯಾನ್ಯುಯಲ್ ಮೋಡ್ ಬಳಸಿ. ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ದರ್ಶನಕ್ಕೆ ನಿಂತಾಗ ಸಮತಟ್ಟು ನೆಲದಲ್ಲಿ ಲಿವರನ್ನು ಇನ್ನೊಮ್ಮೆ ಪರೀಕ್ಷಿಸಿ. ಫ್ಯೂಸ್ ಬೇಕಾದರೆ ಚಿಕ್ಕಬಳ್ಳಾಪುರ ಪೇಟೆ ಅಲ್ಲಿಂದ ಹತ್ತಿರ.